ಮಕ್ಕಳ ವೈದ್ಯರ ಬೋರ್ಡಿನ ಮೇಲಿನ ಅಕ್ಷರಗಳು: ಯಾವುದನ್ನು ನಂಬಬೇಕು, ಯಾವುದನ್ನು ವಿಚಾರಿಸಬೇಕು?

ಪ್ರಶ್ನೆ: ನಮ್ಮ ಮಗಳಿಗೆ ಈಗ 14 ತಿಂಗಳು. 32 ವಾರಕ್ಕೇ ಹೆರಿಗೆಯಾಯಿತು, ಹುಟ್ಟಿದಾಗ 1.6 ಕೆ.ಜಿ. ಇದ್ದಳು, ಮೂರು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು. ಮನೆಗೆ ಬಂದ ಮೇಲೆ ನಮ್ಮ ಬಡಾವಣೆಯ ಹಿರಿಯ ಡಾಕ್ಟರರ ಹತ್ತಿರವೇ ತೋರಿಸುತ್ತಿದ್ದೇವೆ. ಅವರ ಬೋರ್ಡಿನಲ್ಲಿ ‘ಎಂಬಿಬಿಎಸ್, ಡಿಸಿಎಚ್’ ಎಂದಷ್ಟೇ ಇದೆ. ಮಗಳು ಹಿಡಿದುಕೊಂಡು ನಿಲ್ಲುತ್ತಾಳೆ, ಇನ್ನೂ ನಡೆಯುತ್ತಿಲ್ಲ. ‘ಡಿಸಿಎಚ್ ಅಂದರೆ ಬರೀ ಡಿಪ್ಲೊಮಾ, ಎಂಡಿ ಆದವರಿಗೆ ತೋರಿಸಿ’ ಎನ್ನುತ್ತಾರೆ ನಾದಿನಿ. ಅತ್ತೆಯವರು ‘ಈ ಡಾಕ್ಟರ ಕೈಗುಣ ಚೆನ್ನಾಗಿದೆ, ಬಿಡಬೇಡಿ’ ಎನ್ನುತ್ತಾರೆ. ಹತ್ತಿರದಲ್ಲಿ ಇನ್ನೂ ಮೂವರಿದ್ದಾರೆ. ಒಬ್ಬರು ಎಂಡಿ. ಇನ್ನೊಬ್ಬರದು ಡಿಎನ್‌ಬಿ, ಎಂಆರ್‌ಸಿಪಿಸಿಎಚ್, ಫೆಲೋಶಿಪ್ ಎಂದು ಉದ್ದದ ಪಟ್ಟಿ. ಮತ್ತೊಬ್ಬರದು ‘ಎಂಡಿ (ಹೋಂ) ಪೀಡಿಯಾಟ್ರಿಕ್ಸ್’. ಡಿಎನ್‌ಬಿ ಎಂದರೆ ಖಾಸಗಿ ಡಿಗ್ರಿಯಂತೆ, ನಿಜವೇ? ವಿದೇಶಿ ಡಿಗ್ರಿ ಇದ್ದರೆ ಹೆಚ್ಚು ಗೊತ್ತಿರುತ್ತದೆಯೇ? ನಮಗೆ ನವಜಾತ ಶಿಶು ತಜ್ಞರೇ ಬೇಕೇ? ಡಾಕ್ಟರರ ಮನಸ್ಸು ನೋಯಿಸದೆ ಇದನ್ನೆಲ್ಲ ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಮಗು ನಡೆಯುತ್ತಿಲ್ಲ ಎಂಬುದು ಒಂದು. ನಡೆಯದೆ ಇರುವುದಕ್ಕೆ ನಾವು ತಪ್ಪು ವೈದ್ಯರನ್ನು ಹಿಡಿದಿದ್ದೇ ಕಾರಣವಿರಬಹುದೇ ಎಂಬುದು ಇನ್ನೊಂದು. ಮೊದಲನೆಯದನ್ನು ಮೊದಲು ನೋಡೋಣ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಸರಿಪಡಿಸಿದ ವಯಸ್ಸಿನಲ್ಲಿ ಅಳೆಯಬೇಕು. ಪೂರ್ಣಾವಧಿ 40 ವಾರ. ನಿಮ್ಮ ಮಗಳು ಹುಟ್ಟಿದ್ದು 32ಕ್ಕೆ. ಎಂಟು ವಾರ, ಅಂದರೆ ಸುಮಾರು ಎರಡು ತಿಂಗಳು ಕಳೆಯಿರಿ. ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗೆ ಈಗ 12 ತಿಂಗಳು. ಆಸರೆಯಿಲ್ಲದೆ ನಡೆಯುವ ಹಂತಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿರುವ ಸಹಜ ವ್ಯಾಪ್ತಿ 8.2ರಿಂದ 17.6 ತಿಂಗಳು. ಈ ವಯಸ್ಸಿಗೆ ಹಿಡಿದು ನಿಲ್ಲುವ ಮಗು ತಡವಾಗಿದೆ ಎಂದು ಹೇಳಲಾಗದು. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಹಿಡಿಯಬೇಡಿ, ಅದು ಹುಟ್ಟಿದ ದಿನದಿಂದಲೇ ಎಣಿಸಬೇಕಾದದ್ದು.

ಆದರೆ ನಡಿಗೆಗಿಂತ ಹೆಚ್ಚು ಗಮನ ಕೊಡಬೇಕಾದ ಕೆಲವು ಸಂಗತಿಗಳಿವೆ. ಆಸರೆಯಿಲ್ಲದೆ ಕೂರುತ್ತಾಳೆಯೇ? ಆಟಿಕೆಗೆ ಎರಡೂ ಕೈ ಚಾಚುತ್ತಾಳೆಯೇ ಅಥವಾ ಯಾವಾಗಲೂ ಒಂದೇ ಕೈಯೇ? ಕಾಲುಗಳು ಬಿಗಿಯಾಗಿ ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆಯೇ? ಹೆಸರು ಕರೆದರೆ ತಿರುಗುತ್ತಾಳೆಯೇ, ‘ಬಬಬ’, ‘ಮಮಮ’ ಎಂದು ಶಬ್ದ ಮಾಡುತ್ತಾಳೆಯೇ? ಇಷ್ಟು ಚಿಕ್ಕ ವಯಸ್ಸಿನಲ್ಲಿ ಒಂದೇ ಕೈಯನ್ನು ನೆಚ್ಚಿಕೊಳ್ಳುವುದು ಎಡಚ ಅಥವಾ ಬಲಚ ಎಂಬುದರ ಲಕ್ಷಣವಲ್ಲ, ಇನ್ನೊಂದು ಕೈ ದುರ್ಬಲವಾಗಿರುವ ಸೂಚನೆ ಆಗಿರಬಹುದು. ಇವುಗಳಲ್ಲಿ ಯಾವುದಾದರೂ ಒಂದು ಸರಿಯಿಲ್ಲ ಎನಿಸಿದರೂ ಕಾಯದೆ ತೋರಿಸಿ. ಯಾರಿಗೆ ತೋರಿಸಬೇಕು ಎಂಬುದಕ್ಕೆ ಉತ್ತರ ನಿಮ್ಮ ಎರಡನೇ ಪ್ರಶ್ನೆಯಲ್ಲಿದೆ.

ಮಕ್ಕಳ ವೈದ್ಯರಾಗುವ ದಾರಿಗಳು

ಎಂಬಿಬಿಎಸ್ ಎಲ್ಲರಿಗೂ ಸಮಾನ ಬುನಾದಿ: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಈ ಐದೂವರೆ ವರ್ಷದಲ್ಲಿ ಮಕ್ಕಳ ವಾರ್ಡಿನಲ್ಲಿ ಕಳೆಯುವುದು ಕೆಲವೇ ವಾರಗಳು. ಎಂಬಿಬಿಎಸ್ ಮಾತ್ರ ಮಾಡಿದವರು ಮಕ್ಕಳನ್ನು ನೋಡಬಾರದು ಎಂಬ ಕಾನೂನಿಲ್ಲ. ಸಾಮಾನ್ಯ ಜ್ವರ, ಭೇದಿ, ಗಾಯಗಳನ್ನು ಚೆನ್ನಾಗಿ ನೋಡಿಕೊಳ್ಳುವ ಕುಟುಂಬ ವೈದ್ಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ‘ಮಕ್ಕಳ ತಜ್ಞ’ ಎಂದು ಬೋರ್ಡು ಹಾಕುವಂತಿಲ್ಲ. ಆ ಶಾಖೆಯಲ್ಲಿ ವಿಶೇಷ ಅರ್ಹತೆ ಇಲ್ಲದವರು ತಜ್ಞರೆಂದು ಹೇಳಿಕೊಳ್ಳಬಾರದು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ.

ಮಕ್ಕಳಿಗೆ ಪ್ರತ್ಯೇಕ ತರಬೇತಿ ಏಕೆ ಬೇಕು ಎಂಬುದಕ್ಕೆ ದಿನನಿತ್ಯದ ಪ್ಯಾರಸಿಟಮಾಲ್ ಸಾಕು. ಒಂದು ಸಲಕ್ಕೆ ಕೊಡುವ ಪ್ರಮಾಣ ಕಿಲೋಗೆ 15 ಮಿ.ಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿ.ಗ್ರಾಂ. ಅದು 100 ಮಿ.ಗ್ರಾಂ./ಮಿ.ಲೀ. ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ., 250 ಮಿ.ಗ್ರಾಂ./5 ಮಿ.ಲೀ. ಸಿರಪ್ ಆದರೆ 3 ಮಿ.ಲೀ., 120 ಮಿ.ಗ್ರಾಂ./5 ಮಿ.ಲೀ. ಸಿರಪ್ ಆದರೆ ಸುಮಾರು 6 ಮಿ.ಲೀ. ಚೀಟಿಯಲ್ಲಿ ‘5 ಮಿ.ಲೀ.’ ಎಂದಷ್ಟೇ ಬರೆದು, ಅಂಗಡಿಯಲ್ಲಿ ಸಿರಪ್ ಬದಲು ಡ್ರಾಪ್ಸ್ ಕೈಗೆ ಬಂದರೆ ಒಂದೇ ಸಲಕ್ಕೆ 500 ಮಿ.ಗ್ರಾಂ. ಮಗುವಿನ ಹೊಟ್ಟೆ ಸೇರುತ್ತದೆ. ಉಸಿರಾಟದ ಲೆಕ್ಕವೂ ಹೀಗೆಯೇ. ನಿಮಿಷಕ್ಕೆ 45 ಉಸಿರು ಎರಡು ತಿಂಗಳೊಳಗಿನ ಶಿಶುವಿಗೆ ಸಹಜ, ಎರಡು ವರ್ಷದ ಮಗುವಿಗೆ ನ್ಯುಮೋನಿಯಾದ ಎಚ್ಚರಿಕೆ. ಇಂಥ ನೂರಾರು ವ್ಯತ್ಯಾಸಗಳು ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಹಿರಿಯರ ಕಣ್ಣೆದುರು, ಹಗಲೂ ರಾತ್ರಿ ಕಾಯಿಲೆ ಮಕ್ಕಳ ನಡುವೆ ಕೆಲಸ ಮಾಡಿಯೇ ಬರಬೇಕು. ಮುಂದಿನ ಡಿಗ್ರಿಗಳ ತಿರುಳು ಈ ಮೇಲ್ವಿಚಾರಣೆಯ ವರ್ಷಗಳೇ.

ಎಂಡಿ (ಪೀಡಿಯಾಟ್ರಿಕ್ಸ್) ಎಂಬಿಬಿಎಸ್ ನಂತರ ಮೂರು ವರ್ಷ. ನೀಟ್ ಪಿಜಿ ಪರೀಕ್ಷೆಯ ಮೂಲಕ ಪ್ರವೇಶ. ವಾರ್ಡು, ಹೊರರೋಗಿ ವಿಭಾಗ, ನವಜಾತ ಶಿಶುಗಳ ಎನ್‌ಐಸಿಯು, ದೊಡ್ಡ ಮಕ್ಕಳ ತೀವ್ರ ನಿಗಾ ಘಟಕವಾದ ಪಿಐಸಿಯು, ಹೆರಿಗೆ ಕೋಣೆ ಎಲ್ಲ ಕಡೆ ಸರದಿಯಲ್ಲಿ ಕೆಲಸ. ಒಂದು ಪ್ರಬಂಧ ಬರೆಯಬೇಕು, ಕೊನೆಯಲ್ಲಿ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ. ಉಸಿರುನಾಳಕ್ಕೆ ನಳಿಕೆ ಹಾಕುವುದು, ಹೊಕ್ಕುಳಿನ ರಕ್ತನಾಳಕ್ಕೆ ಕೊಳವೆ ಹಾಕುವುದು, ಬೆನ್ನುಹುರಿಯ ನೀರು ತೆಗೆಯುವುದು, ಕಾಮಾಲೆ ತೀವ್ರವಾದ ಶಿಶುವಿನ ರಕ್ತ ಬದಲಿಸುವುದು, ಇವೆಲ್ಲ ಕಲಿಯುವುದು ಇಲ್ಲಿ.

ಡಿಎನ್‌ಬಿ ಬಗ್ಗೆ ನೀವು ಕೇಳಿರುವುದು ತಪ್ಪು ಮಾಹಿತಿ. ಅದು ಖಾಸಗಿ ಡಿಗ್ರಿ ಅಲ್ಲ. ಪದವಿ ಕೊಡುವುದು ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯದ ಅಡಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಪ್ರವೇಶಕ್ಕೆ ಅದೇ ನೀಟ್ ಪಿಜಿ, ಅವಧಿ ಅದೇ ಮೂರು ವರ್ಷ, ಪ್ರಬಂಧವೂ ಉಂಟು. ವ್ಯತ್ಯಾಸ ಏನೆಂದರೆ ತರಬೇತಿ ವಿಶ್ವವಿದ್ಯಾಲಯದ ಕಾಲೇಜಿನಲ್ಲೇ ಆಗಬೇಕೆಂದಿಲ್ಲ, ಮಂಡಳಿಯ ಮಾನ್ಯತೆ ಪಡೆದ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತದೆ. ಅವುಗಳಲ್ಲಿ ಖಾಸಗಿ ಆಸ್ಪತ್ರೆಗಳೂ ಇರುವುದರಿಂದ ಈ ತಪ್ಪು ತಿಳಿವಳಿಕೆ ಹುಟ್ಟಿರಬೇಕು. ಅಂತಿಮ ಪರೀಕ್ಷೆಯನ್ನು ದೇಶಕ್ಕೆಲ್ಲ ಒಂದೇ ಮಂಡಳಿ ನಡೆಸುತ್ತದೆ, ಅದು ಸುಲಭದ ಪರೀಕ್ಷೆಯಲ್ಲ. ಡಿಎನ್‌ಬಿ ಮತ್ತು ಎಂಡಿ ಸಮಾನವೇ ಎಂಬ ಹಳೆಯ ವಾದವಿವಾದ ಮುಖ್ಯವಾಗಿ ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗಳ ಕುರಿತಾದದ್ದು. ಮಗುವಿಗೆ ಚಿಕಿತ್ಸೆ ಕೊಡುವ ವಿಷಯದಲ್ಲಿ ಎರಡನ್ನೂ ಒಂದೇ ಎಂದು ತಿಳಿಯಿರಿ.

ಡಿಸಿಎಚ್ ಎಂದರೆ ಮಕ್ಕಳ ಆರೋಗ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ. ಎಂಡಿ ವಿದ್ಯಾರ್ಥಿಗಳ ಜೊತೆಗೇ, ಅದೇ ವಾರ್ಡುಗಳಲ್ಲಿ, ಅದೇ ರಾತ್ರಿಪಾಳಿ. ಪ್ರಬಂಧ ಇಲ್ಲ, ಒಂದು ವರ್ಷ ಕಡಿಮೆ. ಆ ಕಡಿಮೆಯಾದ ವರ್ಷ ತೀವ್ರ ನಿಗಾ ಘಟಕದ ಅನುಭವದಲ್ಲಿ ಕಾಣುತ್ತದೆ, ಹೊರರೋಗಿಗಳನ್ನು ನೋಡುವುದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಿಂದೆ ಎಂಡಿ ಸೀಟುಗಳು ತೀರಾ ಕಡಿಮೆ ಇದ್ದವು. ಇವತ್ತು ಐವತ್ತು, ಅರವತ್ತು ದಾಟಿದ ಎಷ್ಟೋ ಮಕ್ಕಳ ತಜ್ಞರು ಡಿಸಿಎಚ್ ಮಾಡಿರುವುದು ಅದಕ್ಕೇ. 2018ರ ನಂತರ ಡಿಪ್ಲೊಮಾ ಸೀಟುಗಳನ್ನು ಎಂಡಿ ಸೀಟುಗಳಾಗಿ ಬದಲಿಸಲು ಅವಕಾಶ ಸಿಕ್ಕಿ, ಕಾಲೇಜುಗಳಲ್ಲಿ ಡಿಸಿಎಚ್ ಬಹಳ ಕಡಿಮೆಯಾಯಿತು. ಆಮೇಲೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ತನ್ನದೇ ಎರಡು ವರ್ಷದ ಡಿಪ್ಲೊಮಾ ಶುರುಮಾಡಿದೆ. ಡಿಸಿಎಚ್ ಆದವರು ಇನ್ನೆರಡು ವರ್ಷ ತರಬೇತಿ ಪಡೆದು ಡಿಎನ್‌ಬಿ ಮಾಡುವ ದಾರಿಯೂ ಇದೆ. ಬೋರ್ಡಿನಲ್ಲಿ ‘ಡಿಸಿಎಚ್, ಡಿಎನ್‌ಬಿ’ ಎರಡೂ ಕಂಡರೆ ಅವರು ಒಟ್ಟು ನಾಲ್ಕು ವರ್ಷ ಮಕ್ಕಳ ವಿಭಾಗದಲ್ಲಿ ಕಲಿತಿದ್ದಾರೆ ಎಂದರ್ಥ. ಆದ್ದರಿಂದ ‘ಬರೀ ಡಿಪ್ಲೊಮಾ’ ಎಂದು ಡಿಸಿಎಚ್ ಆದವರನ್ನು ತಳ್ಳಿಹಾಕುವುದು ಅನ್ಯಾಯ. ನಿಮ್ಮ ಡಾಕ್ಟರು ಅರ್ಹ ಮಕ್ಕಳ ತಜ್ಞರೇ.

ಉಪಶಾಖೆಗಳು, ಫೆಲೋಶಿಪ್‌ಗಳು: ಗೊಂದಲ ಹೆಚ್ಚಿರುವುದು ಇಲ್ಲಿ

ಎಂಡಿ ಅಥವಾ ಡಿಎನ್‌ಬಿ ಆದ ಮೇಲೆ ಒಂದೇ ಅಂಗ ಅಥವಾ ಒಂದೇ ವಯಸ್ಸಿನ ಮಕ್ಕಳ ಚಿಕಿತ್ಸೆಯಲ್ಲಿ ಇನ್ನೂ ಮೂರು ವರ್ಷ ಕಲಿತರೆ ಡಿಎಂ. ಅದೇ ಮಟ್ಟದ ರಾಷ್ಟ್ರೀಯ ಮಂಡಳಿಯ ಪದವಿಗೆ ಈಗ ಡಿಆರ್‌ಎನ್‌ಬಿ ಎನ್ನುತ್ತಾರೆ. ನವಜಾತ ಶಿಶು, ಮಕ್ಕಳ ಹೃದಯ, ನರರೋಗ, ಮೂತ್ರಪಿಂಡ, ಜಠರ-ಕರುಳು-ಯಕೃತ್ತು, ರಕ್ತ ಮತ್ತು ಕ್ಯಾನ್ಸರ್, ತೀವ್ರ ನಿಗಾ ಹೀಗೆ ಶಾಖೆಗಳಿವೆ. ಎಂಸಿಎಚ್ (ಪೀಡಿಯಾಟ್ರಿಕ್ ಸರ್ಜರಿ) ಕಂಡರೆ ಅವರು ಮಕ್ಕಳ ಶಸ್ತ್ರಚಿಕಿತ್ಸಕರು. ಸಾಮಾನ್ಯವಾಗಿ ಜನರಲ್ ಸರ್ಜರಿಯಲ್ಲಿ ಎಂಎಸ್ ಮಾಡಿ ಆ ದಾರಿಗೆ ಬಂದವರು. ಹರ್ನಿಯಾ, ಕೆಳಗಿಳಿಯದ ವೃಷಣ, ಕರುಳಿನ ತಡೆ ಇವಕ್ಕೆ ಅವರೇ ಬೇಕು. ಕೆಮ್ಮು-ಜ್ವರಕ್ಕೆ ಅವರ ಹತ್ತಿರ ಹೋಗುವುದರಲ್ಲಿ ಅರ್ಥವಿಲ್ಲ.

‘ಫೆಲೋಶಿಪ್’ ವಿಷಯ ಇಷ್ಟು ಸರಳವಲ್ಲ. ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಸಂಗತಿಗಳಿವೆ. ಎಫ್‌ಎನ್‌ಬಿ ಎಂದಿದ್ದರೆ ರಾಷ್ಟ್ರೀಯ ಮಂಡಳಿಯದು, ಎರಡು ವರ್ಷದ ಪೂರ್ಣಕಾಲಿಕ ತರಬೇತಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ (ಐಎಪಿ), ಅದರ ಉಪಶಾಖಾ ಸಂಘಗಳು, ರಾಷ್ಟ್ರೀಯ ನವಜಾತ ಶಿಶುವೈದ್ಯ ವೇದಿಕೆ (ಎನ್‌ಎನ್‌ಎಫ್) ಮತ್ತು ಕೆಲವು ವಿಶ್ವವಿದ್ಯಾಲಯಗಳು ನಡೆಸುವ ಫೆಲೋಶಿಪ್‌ಗಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನವು, ಮಾನ್ಯತೆ ಪಡೆದ ಘಟಕದಲ್ಲಿ ಕೆಲಸ ಮಾಡುತ್ತಾ ಕಲಿಯುವಂಥವು. ನವಜಾತ ಶಿಶು ವಿಭಾಗದಲ್ಲಿ ಡಿಎಂ ಸೀಟುಗಳು ಬಹುಕಾಲ ಬೆರಳೆಣಿಕೆಯಷ್ಟಿದ್ದವು. ಹಾಗಾಗಿ ಇವತ್ತು ಎನ್‌ಐಸಿಯು ನಡೆಸುವ ಸಮರ್ಥ ವೈದ್ಯರಲ್ಲಿ ಅನೇಕರು ಇಂಥ ಫೆಲೋಶಿಪ್ ಮಾಡಿ ಬಂದವರೇ. ಇವುಗಳ ಜೊತೆಗೆ ಮನೆಯಲ್ಲಿ ಕುಳಿತು ಕೆಲವು ತಿಂಗಳಲ್ಲಿ ಮುಗಿಸಬಹುದಾದ ಆನ್‌ಲೈನ್ ಸರ್ಟಿಫಿಕೇಟ್‌ಗಳೂ ಇವೆ: ಪೋಷಣೆ, ಅಲರ್ಜಿ, ಬೆಳವಣಿಗೆ ಇತ್ಯಾದಿ. ಓದಿನ ಮಟ್ಟಿಗೆ ಅವು ಒಳ್ಳೆಯವೇ. ಆದರೆ ಅವನ್ನು ಮಾಡಿದ ಮಾತ್ರಕ್ಕೆ ಆ ಉಪಶಾಖೆಯ ತಜ್ಞರಾಗುವುದಿಲ್ಲ. ಬೋರ್ಡಿನ ಮೇಲೆ ಮಾತ್ರ ಎಲ್ಲವೂ ಒಂದೇ ಗಾತ್ರದ ಅಕ್ಷರದಲ್ಲಿ ಕಾಣುತ್ತವೆ. ಅದಕ್ಕೇ ಕೇಳಬೇಕಾದ ಪ್ರಶ್ನೆ ಒಂದೇ: ‘ಡಾಕ್ಟರೇ, ಈ ಫೆಲೋಶಿಪ್ ಎಷ್ಟು ದಿನದ್ದು, ಆಸ್ಪತ್ರೆಯಲ್ಲಿ ಇದ್ದು ಮಾಡಿದ್ದೇ?’ ನಿಜವಾಗಿ ದುಡಿದು ಪಡೆದವರು ಇದಕ್ಕೆ ಸಂತೋಷದಿಂದ ಉತ್ತರಿಸುತ್ತಾರೆ.

ಎಫ್‌ಐಎಪಿ ಎಂಬ ಅಕ್ಷರಗಳೂ ಕಾಣಬಹುದು. ಅದು ತರಬೇತಿಯಲ್ಲ, ಐಎಪಿ ತನ್ನ ಸದಸ್ಯರ ಸೇವೆಯನ್ನು ಗುರುತಿಸಿ ಕೊಡುವ ಗೌರವ. 1963ರಲ್ಲಿ ಹುಟ್ಟಿದ ಐಎಪಿಯ ಬರೀ ಸದಸ್ಯತ್ವವೂ ಡಿಗ್ರಿಯಲ್ಲ. ‘ಕನ್ಸಲ್ಟೆಂಟ್’, ‘ವಿಸಿಟಿಂಗ್’, ‘ಮಾಜಿ ಸೀನಿಯರ್ ರೆಸಿಡೆಂಟ್’ ಇವೆಲ್ಲ ಹುದ್ದೆಯ ಹೆಸರುಗಳು.

ಇದಕ್ಕೆ ತದ್ವಿರುದ್ಧವಾಗಿ, ಬೋರ್ಡಿನಲ್ಲಿ ಸಾಮಾನ್ಯವಾಗಿ ಕಾಣದ ಎರಡು ಚಿಕ್ಕ ತರಬೇತಿಗಳು ಮಗುವಿನ ಜೀವ ಉಳಿಸುತ್ತವೆ. ಒಂದು, ನವಜಾತ ಶಿಶು ಪುನಶ್ಚೇತನ: ಹುಟ್ಟಿದ ಕೂಡಲೇ ಉಸಿರಾಡದ ಶಿಶುವಿಗೆ ಮೊದಲ 60 ಸೆಕೆಂಡಿನೊಳಗೆ ಚೀಲ ಮತ್ತು ಮಾಸ್ಕ್‌ನಿಂದ ಉಸಿರು ಕೊಡಲು ಕಲಿಸುವುದು. ಇನ್ನೊಂದು ಪಾಲ್ಸ್, ದೊಡ್ಡ ಮಕ್ಕಳ ತುರ್ತು ಜೀವರಕ್ಷಣೆಯ ಕೋರ್ಸು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡುವ ಅದರ ಕಾರ್ಡಿಗೆ ಎರಡು ವರ್ಷ ಮಾತ್ರ ಬೆಲೆ, ಆಮೇಲೆ ಮತ್ತೆ ಪರೀಕ್ಷೆ. ಮಗುವನ್ನು ದಾಖಲು ಮಾಡುವ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ವೈದ್ಯರು, ನರ್ಸುಗಳು ಇವನ್ನು ಮಾಡಿದ್ದಾರೆಯೇ ಎಂದು ಕೇಳುವುದು, ದೊಡ್ಡ ಡಾಕ್ಟರರ ಹೆಸರಿನ ಮುಂದೆ ಎಷ್ಟು ಅಕ್ಷರಗಳಿವೆ ಎಂದು ಎಣಿಸುವುದಕ್ಕಿಂತ ಉಪಯುಕ್ತ. ರಾತ್ರಿ ಎರಡು ಗಂಟೆಗೆ ಮಗುವಿನ ಪಕ್ಕದಲ್ಲಿ ಇರುವವರು ಅವರೇ.

ವಿದೇಶಿ ಅಕ್ಷರಗಳು

ಎಂಆರ್‌ಸಿಪಿಸಿಎಚ್ ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜಿನ ಸದಸ್ಯತ್ವ ಪರೀಕ್ಷೆ. ಮೂರು ಲಿಖಿತ ಪತ್ರಿಕೆ, ಒಂದು ಕ್ಲಿನಿಕಲ್ ಪರೀಕ್ಷೆ. ಕಠಿಣ, ಒಳ್ಳೆಯ ಪರೀಕ್ಷೆ. ಆದರೆ ಅದನ್ನು ಭಾರತದಲ್ಲಿ ಕೆಲಸ ಮಾಡುತ್ತಲೇ ಬರೆದು ಪಾಸಾಗಬಹುದು. ಪಾಸಾದ ಮಾತ್ರಕ್ಕೆ ಬ್ರಿಟನ್ನಿನಲ್ಲಿ ತರಬೇತಿ ಆಗಿದೆ ಎಂದರ್ಥವಲ್ಲ. ಅಲ್ಲಿಯೂ ಅದು ತರಬೇತಿಯ ನಡುವೆ ದಾಟುವ ಘಟ್ಟ. ಪೂರ್ತಿ ತರಬೇತಿ ಏಳೆಂಟು ವರ್ಷದ್ದು, ಅದು ಮುಗಿದಾಗ ಸಿಗುವ ಪ್ರಮಾಣಪತ್ರ ಸಿಸಿಟಿ. ಬೋರ್ಡಿನಲ್ಲಿ ಸಿಸಿಟಿ ಇದ್ದರೆ ಅವರು ಅಲ್ಲಿ ವರ್ಷಗಟ್ಟಲೆ ದುಡಿದವರು. ಇನ್ನೊಂದು ಸೂಕ್ಷ್ಮ: ಬ್ರಿಟನ್ನಿನ ಡಿಸಿಎಚ್ ಮತ್ತು ನಮ್ಮ ಡಿಸಿಎಚ್ ಬೇರೆ. ಅಲ್ಲಿನದು ಬಹುಪಾಲು ಕುಟುಂಬ ವೈದ್ಯರಿಗಾಗಿ ಇಟ್ಟ ಪರೀಕ್ಷೆ, ನಮ್ಮದು ಎರಡು ವರ್ಷದ ವಾರ್ಡಿನ ತರಬೇತಿ.

ಅಮೆರಿಕದಲ್ಲಿ ಮೂರು ವರ್ಷದ ರೆಸಿಡೆನ್ಸಿ ಮುಗಿಸಿ, 1933ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬೋರ್ಡ್ ಆಫ್ ಪೀಡಿಯಾಟ್ರಿಕ್ಸ್‌ನ ಪರೀಕ್ಷೆ ಪಾಸಾದವರು ‘ಬೋರ್ಡ್ ಸರ್ಟಿಫೈಡ್’. ಉಪಶಾಖೆ ಬೇಕೆಂದರೆ ಸಾಮಾನ್ಯವಾಗಿ ಇನ್ನೂ ಮೂರು ವರ್ಷ. ಲೆಕ್ಕ ಹಾಕಿ ನೋಡಿದರೆ ನಮ್ಮ ಎಂಡಿ ಮತ್ತು ಡಿಎಂ ಅವಧಿಯೂ ಅಷ್ಟೇ ಇದೆ. ಅಲ್ಲಿನ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾಗುವ ಅಂಶ ಬೇರೆಯೇ: ಒಮ್ಮೆ ಪಾಸಾದರೆ ಮುಗಿಯಲಿಲ್ಲ, ಮಾನ್ಯತೆ ಉಳಿಸಿಕೊಳ್ಳಲು ನಿಯತವಾಗಿ ಮರುಮೌಲ್ಯಮಾಪನಕ್ಕೆ ಒಳಗಾಗಬೇಕು. ನಮ್ಮ 2002ರ ನಿಯಮಾವಳಿಯೂ ಐದು ವರ್ಷಕ್ಕೆ 30 ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣ ಬೇಕು ಎನ್ನುತ್ತದೆ. ಆದರೆ ಅದು ಸಭೆಗಳ ಹಾಜರಿಯ ಲೆಕ್ಕ, ಪರೀಕ್ಷೆಯಲ್ಲ.

‘ಎಂಡಿ (ಹೋಂ)’ ಎಂದರೆ

ಆವರಣದೊಳಗಿನ ಆ ಚಿಕ್ಕ ಅಕ್ಷರಗಳನ್ನು ಎಲ್ಲರೂ ಗಮನಿಸುವುದಿಲ್ಲ. ಎಂಡಿ (ಹೋಂ) ಪೀಡಿಯಾಟ್ರಿಕ್ಸ್ ಹೋಮಿಯೋಪತಿಯ ಸ್ನಾತಕೋತ್ತರ ಪದವಿ, ಆ ಪದ್ಧತಿಯ ಮೊದಲ ಪದವಿಯಾದ ಬಿಎಚ್‌ಎಂಎಸ್ ನಂತರದ್ದು. ಆಯುರ್ವೇದದಲ್ಲಿ ಬಿಎಎಂಎಸ್ ಆದ ಮೇಲೆ ಕೌಮಾರಭೃತ್ಯ (ಮಕ್ಕಳ ಚಿಕಿತ್ಸೆ) ವಿಭಾಗದಲ್ಲಿ ಎಂಡಿ ಮಾಡುತ್ತಾರೆ. ಇವೆರಡೂ ಕಾನೂನುಬದ್ಧ ಪದವಿಗಳೇ, ಆದರೆ ಬೇರೆ ಪದ್ಧತಿಯವು, ಅವುಗಳ ನೋಂದಣಿ ಪುಸ್ತಕವೂ ಬೇರೆ. ಹೋಮಿಯೋಪತಿಯಲ್ಲಿ ಅರ್ಹತೆ ಪಡೆದವರು ಅಲೋಪತಿ ಔಷಧ ಕೊಟ್ಟ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಅದನ್ನು ನಿರ್ಲಕ್ಷ್ಯ ಎಂದು ತೀರ್ಪು ಕೊಟ್ಟಿದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆ, ಲಸಿಕೆ, ಸೋಂಕು, ಉಸಿರಾಟದ ತೊಂದರೆ ಇವುಗಳ ಹೊಣೆಯನ್ನು ಆಧುನಿಕ ವೈದ್ಯಪದ್ಧತಿಯ ಮಕ್ಕಳ ತಜ್ಞರ ಕೈಯಲ್ಲೇ ಇಡಿ ಎಂದು ಖಂಡಿತವಾಗಿ ಹೇಳುತ್ತೇನೆ.

ಖಚಿತಪಡಿಸಿಕೊಳ್ಳುವುದು ಹೇಗೆ

ಯಾರನ್ನೂ ಎದುರಿಗೆ ಕೇಳಬೇಕಾಗಿಲ್ಲ. ಔಷಧ ಚೀಟಿ, ರಸೀದಿ, ಸರ್ಟಿಫಿಕೇಟು ಮತ್ತು ಕ್ಲಿನಿಕ್ಕಿನಲ್ಲಿ ವೈದ್ಯರು ತಮ್ಮ ನೋಂದಣಿ ಸಂಖ್ಯೆ ಕಾಣುವಂತೆ ಹಾಕಬೇಕು ಎಂಬುದು ನಿಯಮ. ಮನೆಯಲ್ಲಿರುವ ಹಳೆಯ ಚೀಟಿ ತೆಗೆದು ನೋಡಿ. ಕರ್ನಾಟಕದಲ್ಲಿ ನೋಂದಣಿಯಾದವರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಸಂಖ್ಯೆ ಇರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ. ಅಲ್ಲಿ ಹೆಸರು, ಸಂಖ್ಯೆ, ರಾಜ್ಯ ಪರಿಷತ್ತು, ವರ್ಷ ಹಾಕಿ ಹುಡುಕಬಹುದು. ಡಿಗ್ರಿ, ವಿಶ್ವವಿದ್ಯಾಲಯ, ಪಾಸಾದ ವರ್ಷ ತೋರಿಸುತ್ತದೆ.

ಈ ಹುಡುಕಾಟದಲ್ಲಿ ಜನ ತಪ್ಪುದಾರಿ ಹಿಡಿಯುವುದು ಮೂರು ಕಡೆ. ಒಂದೇ ನೋಂದಣಿ ಸಂಖ್ಯೆ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ವೈದ್ಯರಿಗೆ ಇರುತ್ತದೆ, ಆದ್ದರಿಂದ ಸಂಖ್ಯೆಯ ಜೊತೆ ರಾಜ್ಯ ಪರಿಷತ್ತಿನ ಹೆಸರನ್ನೂ ಆರಿಸಲೇಬೇಕು. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಮುಂದೆ-ಹಿಂದೆ ಆಗುತ್ತದೆ, ಮದುವೆಯಾದ ಮೇಲೆ ಹೆಸರು ಬದಲಾಗಿರುತ್ತದೆ. ಹೆಸರಿನಿಂದ ಸಿಗದಿದ್ದರೆ ಸಂಖ್ಯೆಯಿಂದ ಹುಡುಕಿ. ಮೂರನೆಯದು ಮುಖ್ಯ: ಎಷ್ಟೋ ವೈದ್ಯರ ಹೆಸರಿನ ಎದುರು ಎಂಬಿಬಿಎಸ್ ಮಾತ್ರ ಕಾಣುತ್ತದೆ. ಸ್ನಾತಕೋತ್ತರ ಪದವಿಯನ್ನು ರಾಜ್ಯ ಪರಿಷತ್ತಿನಲ್ಲಿ ‘ಹೆಚ್ಚುವರಿ ಅರ್ಹತೆ’ ಎಂದು ಪ್ರತ್ಯೇಕವಾಗಿ ನೋಂದಾಯಿಸಬೇಕು, ಆ ಮಾಹಿತಿ ರಾಷ್ಟ್ರೀಯ ಪಟ್ಟಿಗೆ ತಲುಪಿರಬೇಕು. ಹಳಬರ ವಿಷಯದಲ್ಲಿ ಇದು ಆಗದೇ ಉಳಿದಿರುವುದುಂಟು. ಹಾಗಾಗಿ ಪಟ್ಟಿಯಲ್ಲಿ ಎಂಡಿ ಕಾಣಲಿಲ್ಲ ಎಂದ ಕೂಡಲೇ ಸುಳ್ಳು ಡಿಗ್ರಿ ಎಂದುಕೊಳ್ಳಬೇಡಿ, ರಾಜ್ಯ ಪರಿಷತ್ತಿನಲ್ಲಿ ವಿಚಾರಿಸಿ. ನೋಂದಣಿ ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಆ ಸಂಖ್ಯೆ ಬೇರೊಬ್ಬರದಾಗಿದ್ದರೆ ಮಾತ್ರ ನಿಜಕ್ಕೂ ಎಚ್ಚರವಾಗಬೇಕು.

ಅನುಭವ, ಕೈಗುಣ

ಅತ್ತೆಯವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಅವರು ಕೈಗುಣ ಎನ್ನುವುದರ ಹಿಂದೆ ನಿಜವಾದ ಸಂಗತಿ ಇದೆ. ಮಕ್ಕಳ ಕಾಯಿಲೆಗಳಲ್ಲಿ ಹೆಚ್ಚಿನವು ವೈರಾಣು ಜ್ವರಗಳು, ಮೂರು-ನಾಲ್ಕು ದಿನದಲ್ಲಿ ತಾವಾಗಿ ಇಳಿಯುವಂಥವು. ಮೂರನೇ ದಿನ ಯಾರ ಹತ್ತಿರ ಹೋದರೂ ಅವರ ಔಷಧವೇ ಫಲಿಸಿತು ಎನಿಸುತ್ತದೆ. ಆದರೆ ಹಿರಿಯ ವೈದ್ಯರಲ್ಲಿ ಇನ್ನೊಂದು ಶಕ್ತಿಯೂ ಇರುತ್ತದೆ. ಸಾವಿರಾರು ಸಾಮಾನ್ಯ ಜ್ವರಗಳನ್ನು ನೋಡಿದ ಕಣ್ಣಿಗೆ ಸಾಮಾನ್ಯವಲ್ಲದ ಒಂದು ಮಗು ಬಾಗಿಲಲ್ಲೇ ಗುರುತು ಸಿಗುತ್ತದೆ. ಅದನ್ನು ಯಾವ ಡಿಗ್ರಿಯೂ ಮೂರು ವರ್ಷದಲ್ಲಿ ಕಲಿಸಲಾರದು.

ಅನುಭವ ಹಳಸುವುದು ಕಲಿಕೆ ನಿಂತಾಗ. ಅದನ್ನು ಚೀಟಿಯಲ್ಲೇ ಕಾಣಬಹುದು. 12 ವರ್ಷದೊಳಗಿನ ಮಕ್ಕಳಿಗೆ ಜ್ವರ-ನೋವಿನ ಔಷಧ ನಿಮೆಸುಲೈಡ್ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿಯ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು ಎಂದು ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಬರೆಯುವ ಬದಲು ಮೊದಲ ದಿನವೇ ಆ್ಯಂಟಿಬಯೋಟಿಕ್ ಮತ್ತು ಭೇದಿ ನಿಲ್ಲಿಸುವ ಔಷಧ ಬರೆಯುವುದೂ ಹಳೆಯ ಅಭ್ಯಾಸವೇ. ಇಂಥವು ಪದೇ ಪದೇ ಕಂಡರೆ, ವೈದ್ಯರು ಎಷ್ಟೇ ಪ್ರೀತಿಯವರಾಗಿದ್ದರೂ ಬದಲಿಸುವುದನ್ನು ಯೋಚಿಸಿ.

ಮುಂದಿನ ಭೇಟಿಯಲ್ಲಿ ಇನ್ನು ಕೆಲವನ್ನು ಗಮನಿಸಿ. ಮಗುವಿನ ತೂಕ ಪ್ರತಿ ಸಲ ನೋಡುತ್ತಾರೆಯೇ, ಔಷಧದ ಪ್ರಮಾಣ ಆ ತೂಕದಿಂದ ಲೆಕ್ಕ ಹಾಕುತ್ತಾರೆಯೇ? ಎರಡು ವರ್ಷದವರೆಗೆ ಉದ್ದವನ್ನು ಮಲಗಿಸಿ ಅಳೆಯಬೇಕು, ತಲೆಯ ಸುತ್ತಳತೆಯನ್ನೂ ಅಳೆದು ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕಿ ಇಡಬೇಕು. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಪಟ್ಟಿ, ಅಲ್ಲಿಂದ 18 ವರ್ಷದವರೆಗೆ ಐಎಪಿಯ 2015ರ ಪಟ್ಟಿ. ಕೆಮ್ಮು ಬಂದ ಮಗುವಿನ ಅಂಗಿ ಎತ್ತಿ, ಒಂದು ಪೂರ್ತಿ ನಿಮಿಷ ಉಸಿರು ಎಣಿಸುತ್ತಾರೆಯೇ? ಯಾವ ಲಕ್ಷಣ ಕಂಡರೆ ರಾತ್ರಿಯೇ ಬರಬೇಕು ಎಂದು ಹೇಳಿ ಕಳಿಸುತ್ತಾರೆಯೇ? ‘ಇದು ನನ್ನ ಕೈಲಿ ಆಗುವುದಲ್ಲ, ಇಂಥವರಿಗೆ ತೋರಿಸಿ’ ಎಂದು ಎಂದಾದರೂ ಹೇಳಿದ್ದಾರೆಯೇ? ಕೊನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ನಿಮ್ಮ ಮುಂದಿರುವ ದಾರಿಗಳು

ಈಗಿನ ಡಾಕ್ಟರರನ್ನೇ ಮುಂದುವರಿಸುವುದು ಒಂದು. ಇದರ ಲಾಭ ಎಂದರೆ ಮಗುವಿನ ಪೂರ್ತಿ ಚರಿತ್ರೆ ಒಬ್ಬರ ಕೈಯಲ್ಲಿರುತ್ತದೆ. ಅಪಾಯ ಎಂದರೆ ಅವಧಿಪೂರ್ವ ಮಕ್ಕಳಿಗೆ ಬೇಕಾದ ವಿಶೇಷ ತಪಾಸಣೆಗಳು ಸಾಮಾನ್ಯ ಕ್ಲಿನಿಕ್ಕಿನ ಗಡಿಬಿಡಿಯಲ್ಲಿ ತಪ್ಪಿಹೋಗಬಹುದು. ಎರಡನೆಯದು ಎಂಡಿ ಅಥವಾ ಡಿಎನ್‌ಬಿ ಆದವರಿಗೆ ಪೂರ್ತಿ ಬದಲಾಯಿಸುವುದು. ತಪ್ಪೇನಿಲ್ಲ, ಆದರೆ ಬರೀ ಅಕ್ಷರಗಳಿಗಾಗಿ ಬದಲಾಯಿಸಿದರೆ ವರ್ಷಕ್ಕೂ ಮೀರಿದ ಪರಿಚಯ ಕಳೆದುಕೊಳ್ಳುತ್ತೀರಿ. ಪ್ರತಿ ಜ್ವರಕ್ಕೂ ಒಬ್ಬೊಬ್ಬರ ಹತ್ತಿರ ಹೋಗುವುದು ಮಾತ್ರ ಬೇಡವೇ ಬೇಡ. ಒಬ್ಬರು ಶುರುಮಾಡಿದ ಆ್ಯಂಟಿಬಯೋಟಿಕ್ಕನ್ನು ಇನ್ನೊಬ್ಬರು ಎರಡನೇ ದಿನಕ್ಕೆ ಬದಲಿಸುವುದು, ಒಂದೇ ಔಷಧ ಎರಡು ಹೆಸರಿನಲ್ಲಿ ಮಗುವಿನ ಹೊಟ್ಟೆ ಸೇರುವುದು, ಲಸಿಕೆಯ ದಾಖಲೆ ಮೂರು ಪುಸ್ತಕಗಳಲ್ಲಿ ಚದುರಿಹೋಗುವುದು ಇದರಿಂದಲೇ.

ನಿಮ್ಮ ಮಗಳ ಮಟ್ಟಿಗೆ ನನ್ನ ಸಲಹೆ ಹೀಗಿದೆ. ಜ್ವರ, ಲಸಿಕೆ, ತೂಕ ಇವಕ್ಕೆಲ್ಲ ಈಗಿನ ಡಾಕ್ಟರೇ ಇರಲಿ. ಅದರ ಜೊತೆಗೆ, ಅವರಿಂದಲೇ ಒಂದು ಪತ್ರ ಬರೆಸಿಕೊಂಡು, ಅವಳು ದಾಖಲಾಗಿದ್ದ ಎನ್‌ಐಸಿಯುನ ಅನುಸರಣಾ ಕ್ಲಿನಿಕ್ಕಿಗೆ ಅಥವಾ ಮಕ್ಕಳ ಬೆಳವಣಿಗೆಯಲ್ಲಿ ತರಬೇತಿ ಪಡೆದ ತಜ್ಞರಿಗೆ ಒಮ್ಮೆ ತೋರಿಸಿ. ಪಟ್ಟಿ ಉದ್ದವಿರುವ ಆ ಡಾಕ್ಟರರ ಫೆಲೋಶಿಪ್ ನವಜಾತ ಶಿಶು ವಿಭಾಗದ್ದೇ ಆಗಿದ್ದು, ಆಸ್ಪತ್ರೆಯಲ್ಲಿದ್ದು ಮಾಡಿದ್ದಾಗಿದ್ದರೆ ಅವರೂ ಸರಿ. ‘ಅವಳು ಬೇಗ ಹುಟ್ಟಿದವಳು, ಒಮ್ಮೆ ಬೆಳವಣಿಗೆಯ ತಪಾಸಣೆ ಮಾಡಿಸೋಣ ಅಂದುಕೊಂಡಿದ್ದೇವೆ, ಯಾರಿಗೆ ತೋರಿಸಲಿ ಸರ್?’ ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ನೊಂದುಕೊಳ್ಳುವುದಿಲ್ಲ.

ಹೋಗುವಾಗ ಎನ್‌ಐಸಿಯುನ ಡಿಸ್ಚಾರ್ಜ್ ಸಮ್ಮರಿ, ಲಸಿಕೆ ಪುಸ್ತಕ, ಇಲ್ಲಿಯವರೆಗಿನ ತೂಕ-ಉದ್ದ-ತಲೆ ಸುತ್ತಳತೆಯ ದಾಖಲೆ ಒಂದೇ ಕಡತದಲ್ಲಿರಲಿ. ಅದರಲ್ಲಿ ಎರಡು ಕಾಗದಗಳನ್ನು ಇವತ್ತೇ ಹುಡುಕಿ. ಒಂದು, ಕಣ್ಣಿನ ಹಿಂಭಾಗದ ಅಕ್ಷಿಪಟಲದ (ರೆಟಿನಾ) ತಪಾಸಣೆ: 34 ವಾರಕ್ಕೆ ಮೊದಲು ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಇದು ಹುಟ್ಟಿದ 30 ದಿನದೊಳಗೆ ಶುರುವಾಗಿ, ‘ರಕ್ತನಾಳಗಳು ಪೂರ್ತಿ ಬೆಳೆದಿವೆ’ ಎಂದು ಕಣ್ಣಿನ ವೈದ್ಯರು ಬರೆಯುವವರೆಗೆ ಮುಂದುವರಿದಿರಬೇಕು. ಇನ್ನೊಂದು, ಕಿವಿ ಕೇಳಿಸುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಯ ವರದಿ. ಇವೆರಡರಲ್ಲಿ ಯಾವುದೇ ಇಲ್ಲದಿದ್ದರೂ ಬೆಳವಣಿಗೆಯ ತಜ್ಞರ ಭೇಟಿಗೆ ಕಾಯದೆ ಈ ವಾರವೇ ಮಾಡಿಸಿ.